ಐದನೆಯ ಗುಲಾಬಿ

ಚಾಮರಾಜನಗರ
12 ನವೆಂಬರ್ 2024

ಚಿ. ಸೌ. ತಹಸೀನಳಿಗೆ ಮಲ್ಲಾಜಮ್ಮನ ಆಶೀರ್ವಾದಗಳು.

ಹೊಸ ಮನೆಯ ಅಂಗಳ ಇನ್ನೂ ಬರಿದಾಗಿದೆಯೆಂದು ಹಿಂದಿನ ಪತ್ರದಲ್ಲಿ ಬರೆದಿದ್ದೆಯಲ್ಲ, ಅದನ್ನು ತುಂಬಿಸುವ ಸಂದರ್ಭ ಒದಗಿದೆ. ನಮ್ಮ ರಸ್ತೆಯನ್ನು ಅಗಲ ಮಾಡುತ್ತಿದ್ದಾರೆ. ನನ್ನ ಮನೆಯ ಮುಂದೆ ಒಂಬತ್ತು ಅಡಿ ಹೋಗುತ್ತದೆ. ನನ್ನ ಐದು ಗುಲಾಬಿ ಗಿಡಗಳಿರುವುದೂ ಆ ಒಂಬತ್ತು ಅಡಿಯಲ್ಲೇ. ಡಿಸೆಂಬರ್ ಹತ್ತರೊಳಗೆ ಜಾಗ ತೆರವಾಗಬೇಕು. ಹಿತ್ತಿಲಿನಲ್ಲಿ ನೆಡೋಣವೆಂದರೆ ಅಲ್ಲಿ ಬಿಸಿಲಿಲ್ಲ. ಆದ್ದರಿಂದ ನೀನು ಒಪ್ಪುವುದಾದರೆ ಐದನ್ನೂ ಗುಂಡ್ಲುಪೇಟೆಗೆ ಕಳಿಸುತ್ತೇನೆ.

ಅವುಗಳಲ್ಲಿ ಒಂದನ್ನು ನೀನು ಬಲ್ಲೆ. 1999ರಲ್ಲಿ ಉಮ್ಮತ್ತೂರಿನ ಶಾಲೆಯಲ್ಲಿ, ನಿಮ್ಮ ಎಂಟನೆಯ ತರಗತಿಯ ಎದುರು, ಕಾಡು ಗುಲಾಬಿಯ ತೊಗಟೆ ಸೀಳಿ, ಪನ್ನೀರು ಗುಲಾಬಿಯ ಚಿಗುರುಗಣ್ಣನ್ನು ಅದರೊಳಗೆ ಕೂರಿಸಿ ಕಸಿ ಮಾಡಿ ತೋರಿಸಿದ್ದೆ. ಅದಕ್ಕೆ ಬಾಳೆನಾರಿನ ಕಟ್ಟು ಕಟ್ಟಿದವಳು ನೀನು. ವರ್ಗವಾಗಿ ಬರುವಾಗ ಆ ಗಿಡವನ್ನು ನನ್ನ ಜೊತೆಗೇ ತಂದೆ. ಉಳಿದ ನಾಲ್ಕು ಒಣಗಿದರೂ ಸಹಿಸಿಕೊಂಡೇನು. ಆ ಐದನೆಯದು ಮಾತ್ರ ಬದುಕಬೇಕು.

ಒಂದೂವರೆ ಅಡಿ ಆಳ, ಅಷ್ಟೇ ಅಗಲದ ಗುಂಡಿಗಳನ್ನು ಈಗಲೇ ತೆಗೆಸಿ ಬಿಸಿಲಿಗೆ ಬಿಡು. ತಳಕ್ಕೆ ಹಳೆಯ ಕೊಟ್ಟಿಗೆ ಗೊಬ್ಬರ ಹಾಕಬೇಕು. ಹಸಿ ಸಗಣಿ ಹಾಕಿದರೆ ಬೇರು ಸುಟ್ಟುಹೋಗುತ್ತದೆ. ಅಂಗಡಿಯ ಗೊಬ್ಬರವನ್ನು ಮೂರು ತಿಂಗಳು ಹತ್ತಿರಕ್ಕೂ ತರಬೇಡ. ನೆಟ್ಟ ಮೇಲೆ ತೆಂಗಿನ ಗರಿಯ ನೆರಳು ಮಾಡು. ಇನ್ನು ಕಸಿಯ ಗಂಟಿನ ಕೆಳಗಿನಿಂದ ಹೊರಡುವ ಚಿಗುರು ಕಾಡು ಬುಡದ್ದು. ಒಂದು ತೊಟ್ಟಿಗೆ ಏಳೇಳು ಎಲೆ ಬಿಡುತ್ತದೆ. ಬೆಳೆಯಲು ಬಿಟ್ಟರೆ ಅದೇ ಗಿಡವನ್ನೆಲ್ಲ ಆಳುತ್ತದೆ. ಕಂಡ ದಿನವೇ ಬುಡಸಮೇತ ಕತ್ತರಿಸು. ತರಗತಿಯಲ್ಲಿ ಹೇಳಿಕೊಟ್ಟದ್ದು ನೆನಪಿರಬಹುದು: ಐದೆಲೆ ನಮ್ಮದು, ಏಳೆಲೆ ಕಾಡಿನದು.

ಫೋನು ಮಾಡಬೇಡ. ಕಿವಿಗೆ ಯಂತ್ರ ಹಾಕಿಕೊಂಡರೂ ಫೋನಿನ ಮಾತು ನನಗೆ ಬರಿಯ ಗೊರಗೊರ. ಬರೆ.

ಮಲ್ಲಾಜಮ್ಮ

*

ಗುಂಡ್ಲುಪೇಟೆ
20 ನವೆಂಬರ್ 2024

ಗುರುಗಳಾದ ಮಲ್ಲಾಜಮ್ಮ ಮೇಡಂ ಅವರಿಗೆ ತಹಸೀನಳ ನಮಸ್ಕಾರಗಳು.

ನಿಮ್ಮ ಪತ್ರ ಬಂದಾಗ ಒಂದು ಮದುವೆ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಅದನ್ನು ಹಾಗೇ ಬಿಟ್ಟು ಅಂಗಳಕ್ಕೆ ಹೋಗಿ ಐದು ಜಾಗ ಗುರುತು ಮಾಡಿದೆ. ಪೂರ್ವದ ಗೋಡೆಯ ಪಕ್ಕ, ಎಲ್ಲಕ್ಕಿಂತ ಮುಂದಿನದು ಆ ಗಿಡಕ್ಕೆ. ನಾನು ಕಟ್ಟಿದ ಕಟ್ಟು ಹಿಡಿದ ಮೇಲೆ ಉಮ್ಮತ್ತೂರಿನಲ್ಲಿ ನನ್ನ ಹೆಸರೇ ಬದಲಾಗಿತ್ತಲ್ಲ ಮೇಡಂ. ಯಾರ ಮನೆಯಲ್ಲಿ ತೆಂಗಿನ ಸಸಿ ನೆಡಬೇಕಾದರೂ "ಬಳೆ ಮಕ್ಸೂದ್ ಸಾಬರ ಮಗೀನ ಕರ್ಕಬನ್ನಿ, ಕೈಗುಣ ಅದೆ" ಎನ್ನುತ್ತಿದ್ದರು. ಇಲ್ಲಿಗೆ ಸೊಸೆಯಾಗಿ ಬಂದಮೇಲೂ ಆ ಮಾತು ನನ್ನ ಹಿಂದೆಯೇ ಬಂತು.

ಗುಂಡಿ ತೆಗೆಸುವಾಗ ನಮ್ಮ ಅತ್ತೆ ಕುಲ್ಸುಂ ಬಿ ಜಗಲಿಯಲ್ಲಿ ಕುಳಿತು, "ಇದೇನಮ್ಮಿ, ಗಿಡ ನೆಡ್ತೀಯೋ ಬಾವಿ ತೋಡ್ತೀಯೋ" ಎಂದು ಕೇಳಿದರು. ಮನುಷ್ಯರನ್ನು ಉರ್ದುವಿನಲ್ಲಿ ಬೈಯುವ ಅವರು ಗಿಡ, ಕೋಳಿ, ಮೇಕೆಗಳ ವಿಷಯ ಬಂದರೆ ಕನ್ನಡಕ್ಕೆ ತಿರುಗುತ್ತಾರೆ. ಮೇಡಂ ಹೇಳಿದ ಅಳತೆ ಎಂದೆ. "ಆಯಮ್ಮ ಸ್ಕೇಲ್ ಮಡೀಕಂಡೇ ಹುಟ್ಟವ್ರೆ" ಎಂದರು. ಬೇಸರ ಮಾಡಿಕೊಳ್ಳಬೇಡಿ, ಅವರಿಗೆ ನಿಮ್ಮ ಮೇಲೆ ಗೌರವವಿದೆ.

ಡಿಸೆಂಬರ್ ಒಂದನೆಯ ತಾರೀಕು ಭಾನುವಾರ. ಆ ದಿನ ವೆಲ್ಡಿಂಗ್ ಅಂಗಡಿಗೆ ರಜೆ, ನಮ್ಮ ಯಜಮಾನರು ಜುಬೇರ್ ಲಗೇಜ್ ಆಟೋ ತರುತ್ತಾರೆ. ಗಿಡಗಳನ್ನು ಮಗುವಿನಂತೆ ತರಬೇಕೆಂದು ಈಗಿನಿಂದಲೇ ಅವರ ಕಿವಿಗೆ ಹಾಕುತ್ತಿದ್ದೇನೆ.

ನಿಮ್ಮ ವಿದ್ಯಾರ್ಥಿನಿ
ತಹಸೀನ್

*

ಚಾಮರಾಜನಗರ
3 ಡಿಸೆಂಬರ್ 2024

ಪ್ರಿಯ ತಹಸೀನ್,

ಜುಬೇರ್ ಸಭ್ಯ ಮನುಷ್ಯ. ಚಹಾ ಕೊಟ್ಟರೆ ನಿಂತುಕೊಂಡೇ ಕುಡಿದ, ಕುಳಿತುಕೊಳ್ಳೆಂದರೂ ಕೇಳಲಿಲ್ಲ. ಗಿಡಗಳು ಸುರಕ್ಷಿತವಾಗಿ ತಲುಪಿವೆಯೆಂದು ನಂಬಿದ್ದೇನೆ.

ಹಿಂದಿನ ದಿನವೇ ಎಲ್ಲಕ್ಕೂ ನೀರು ಕಟ್ಟಿಸಿ, ರೆಂಬೆಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದ್ದೆ. ಅಗೆಯಲು ಬಂದವನು ಪುಟ್ಟಮಾದಯ್ಯ. ಒಳ್ಳೆಯ ಕೆಲಸಗಾರ, ಬಾಯಿ ಮಾತ್ರ ಸುಮ್ಮನಿರದು. "ಇಪ್ಪತ್ತ್ ವರ್ಸ ನಿಂತಿರೋ ಗಿಡವ ಕೀಳದು ಅಂದ್ರೆ ಮೊದ್ಲೇ ಬೇರ್ಗೆ ಹೇಳ್ಬೇಕು ಕಣವ್ವ, ಇಲ್ದಿದ್ರೆ ಮುನಿಸ್ಕತದೆ" ಎನ್ನುತ್ತಾ ಮೊದಲ ನಾಲ್ಕನ್ನು ಮಣ್ಣಿನ ಹೆಂಟೆಸಹಿತ ಎತ್ತಿ ಗೋಣಿತಾಟು ಸುತ್ತಿದ. ಐದನೆಯದು ಹಟ ಮಾಡಿತು. ಅದರ ಬೇರು ಕಾಂಪೌಂಡಿನ ಕೆಳಗೆ ಹೊಕ್ಕಿತ್ತು. ಹಾರೆ ಹಾಕಿದಾಗ ಹೆಂಟೆ ಅರ್ಧ ಒಡೆದು ಉದುರಿತು. ಅವನು ಅದರ ಬುಡವನ್ನು ಬೆರಳಿನಿಂದ ಸವರಿ ನೋಡಿ, ನನ್ನ ಕಡೆ ತಿರುಗಿ ಏನೋ ಹೇಳಿದ. ಕೇಳಿಸಲಿಲ್ಲವೆಂದೆ. ಮತ್ತೊಮ್ಮೆ ಹೇಳಿದ. ಮತ್ತೊಮ್ಮೆ ಕೇಳಿಸಲಿಲ್ಲವೆಂದೆ.

ಅದಕ್ಕೆ ಮಾತ್ರ ಹದಿನೈದು ದಿನ ನೆರಳು ಹೆಚ್ಚು ಕೊಡು. ಮನೆಯ ಮುಂದೆ ಐದು ಹಳ್ಳಗಳು ಬಾಯಿ ತೆರೆದುಕೊಂಡಿವೆ. ನಾಳೆ ಮುಚ್ಚಿಸುತ್ತೇನೆ.

ಮಲ್ಲಾಜಮ್ಮ

*

ಗುಂಡ್ಲುಪೇಟೆ
26 ಡಿಸೆಂಬರ್ 2024

ಮೇಡಂ ಅವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಮದುವೆಗಳ ಹೊಲಿಗೆ ಬಹಳವಿತ್ತು. ಗಿಡಗಳು ಚೆನ್ನಾಗಿವೆ. ಮೊದಲ ವಾರ ಎಲೆಗಳೆಲ್ಲ ಉದುರಿದಾಗ ಹೆದರಿದ್ದೆ, ಈಗ ಕೆಂಪು ಗುಲಾಬಿಗೆ ನಾಲ್ಕು ಕಡೆ ಚಿಗುರು ಕಂಡಿದೆ. ಹಳದಿಗೆ ಎರಡು ಕಡೆ. ಬಿಳಿಯದು ಕಣ್ಣು ಬಿಡುತ್ತಿದೆ. ಕಿತ್ತಳೆ ಬಣ್ಣದ್ದು ಸೋಮಾರಿ ಎಂದು ನೀವು ಹೇಳುತ್ತಿದ್ದಿರಿ, ಅದೂ ಹಸಿರಾಗಿದೆ. ಅತ್ತೆ ದಿನವೂ ಅಕ್ಕಿ ತೊಳೆದ ನೀರು ಹಾಕುತ್ತಾರೆ. ಇಲ್ಲಿ ಬೆಳಗಿನ ಚಳಿ ಜೋರಾಗಿದೆ, ಬಂಡೀಪುರದ ಕಡೆಯಿಂದ ಮಂಜು ಬರುತ್ತದೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ತಹಸೀನ್

*

ಚಾಮರಾಜನಗರ
4 ಜನವರಿ 2025

ಪ್ರಿಯ ತಹಸೀನ್,

ನಿನ್ನ ಪತ್ರದಲ್ಲಿ ಕೆಂಪು, ಹಳದಿ, ಬಿಳಿ, ಕಿತ್ತಳೆ ಇವೆ. ನಾಲ್ಕಾಯಿತು. ನಾನು ಕಳಿಸಿದ್ದು ಐದು. ಮಂಜಿನ ವಿಷಯಕ್ಕೆ ಒಂದು ವಾಕ್ಯ ಕೊಟ್ಟಿದ್ದೀಯೆ, ಪನ್ನೀರು ಗುಲಾಬಿಗೆ ಅರ್ಧ ವಾಕ್ಯವೂ ಇಲ್ಲ. ಪರೀಕ್ಷೆಯಲ್ಲಿ ತಿಳಿಯದ ಪ್ರಶ್ನೆಯನ್ನು ಬಿಟ್ಟು, ತಿಳಿದದ್ದನ್ನು ಉದ್ದವಾಗಿ ಬರೆಯುವ ಮಕ್ಕಳನ್ನು ಮೂವತ್ತೈದು ವರ್ಷ ನೋಡಿದ್ದೇನೆ.

ಅದು ಹೇಗಿದೆ? ಇದ್ದುದನ್ನು ಇದ್ದಂತೆ ಬರೆ.

ಮಲ್ಲಾಜಮ್ಮ

*

ಗುಂಡ್ಲುಪೇಟೆ
16 ಜನವರಿ 2025

ಮೇಡಂ ಅವರಿಗೆ ನಮಸ್ಕಾರಗಳು.

ತಪ್ಪಾಯಿತು. ಇನ್ನು ಮುಚ್ಚಿಡುವುದಿಲ್ಲ.

ಪನ್ನೀರು ಗುಲಾಬಿ ಉಳಿಯಲಿಲ್ಲ. ನೆಟ್ಟ ಎರಡನೆಯ ವಾರದಿಂದಲೇ ರೆಂಬೆಗಳು ತುದಿಯಿಂದ ಕಪ್ಪಾಗುತ್ತಾ ಇಳಿದವು. ದಿನವೂ ಉಗುರಿನಿಂದ ಕೆರೆದು ನೋಡುತ್ತಿದ್ದೆ. ನಿನ್ನೆ ಹಸಿರಿದ್ದ ಕಡೆ ಇವತ್ತು ಕಂದು ಬಣ್ಣವಿರುತ್ತಿತ್ತು. ಡಿಸೆಂಬರ್ ಮುಗಿಯುವ ಹೊತ್ತಿಗೆ ಮಣ್ಣಿನ ಮೇಲೆ ಒಣಗಿದ ಕಡ್ಡಿಗಳಷ್ಟೇ ಉಳಿದವು. ಆಮೇಲೆ ಬುಡದಲ್ಲಿ, ಮಣ್ಣಿನೊಳಗಿನಿಂದ, ಮೂರು ಕೆಂಪು ಚಿಗುರು ಬಂದವು. ಬದುಕಿತು ಎಂದುಕೊಂಡು ಅತ್ತೆಯವರನ್ನು ಕೂಗಿ ಕರೆದೆ. ಎಲೆ ಬಿಚ್ಚಿದಮೇಲೆ ಎಣಿಸಿದೆ. ಏಳು. ಮೂರರಲ್ಲೂ ಏಳು.

ನಾನು ದಡ್ಡಿಯಲ್ಲ ಮೇಡಂ. ಮೇಲೆ ನೀವು ಕೂರಿಸಿದ ಕಣ್ಣು ಸತ್ತುಹೋಗಿದೆ, ಕೆಳಗಿನ ಕಾಡು ಗಿಡ ಏಳುತ್ತಿದೆ. ಎರಡು ವಾರ ಸುಮ್ಮನೆ ನೋಡುತ್ತಾ ಕುಳಿತೆ. ಇವತ್ತು ಬೆಳಿಗ್ಗೆ ನೀವು ಕಲಿಸಿದಂತೆ ಮೂರನ್ನೂ ಕತ್ತರಿಸಿದೆ. ಮತ್ತೆ ಬಂದರೆ ಮತ್ತೆ ಕತ್ತರಿಸುತ್ತೇನೆ. ನಿಮ್ಮ ಗುಲಾಬಿ ಇದ್ದ ಜಾಗದಲ್ಲಿ ಮುಳ್ಳುಕಾಡು ಬೆಳೆಸುವುದಿಲ್ಲ.

ಇದೇ ಕೈಯಲ್ಲಿ ಕಟ್ಟಿದ್ದೆ, ಇದೇ ಕೈಯಲ್ಲಿ ಕಳೆದೆ. ಕ್ಷಮಿಸಿ.

ತಹಸೀನ್

*

ಚಾಮರಾಜನಗರ
21 ಜನವರಿ 2025

ಪ್ರಿಯ ತಹಸೀನ್,

ನಿನ್ನ ಪತ್ರ ನಿನ್ನೆ ಮಧ್ಯಾಹ್ನ ತಲುಪಿತು. ಓದಿದವಳೇ ಎದುರುಮನೆಯ ಶಿವರಂಜಿನಿಯಿಂದ ನಿನಗೆ ಫೋನು ಮಾಡಿಸಿದೆ. ಆಕೆ ಹೇಳಿದ್ದು "ಇನ್ನು ಒಂದು ಚಿಗುರನ್ನೂ ಕತ್ತರಿಸಬೇಡಿ, ಮೇಡಂ ಪತ್ರ ಬರೆಯುತ್ತಾರೆ" ಎಂದಷ್ಟೇ. ಕಾರಣವನ್ನು ಮೂರನೆಯವರ ಬಾಯಿಂದ ಹೇಳಿಸುವಂತಿರಲಿಲ್ಲ. "ಆಯ್ತು ಅಂದ್ರು ಆಂಟಿ, ಆಮೇಲೆ ಅತ್ತಂಗಿತ್ತು" ಎಂದು ಆಕೆ ಕೈಸನ್ನೆ ಮಾಡಿ ತಿಳಿಸಿದಳು. ಆದ್ದರಿಂದ ಈ ಪತ್ರವನ್ನು ನಾಳೆಗೆ ಬಿಡದೆ ಬರೆಯುತ್ತಿದ್ದೇನೆ.

ನೀನು ಕತ್ತರಿಸಿದ್ದು ಕಾಡು ಗಿಡವಲ್ಲ, ಪನ್ನೀರು ಗುಲಾಬಿಯನ್ನೇ. ಆ ಗಿಡದಲ್ಲಿ ಕಸಿಯೇ ಇಲ್ಲ. ಬೇರಿನಿಂದ ತುದಿಯವರೆಗೆ ಅದು ಒಂದೇ ಗಿಡ. ನಾಟಿ ಪನ್ನೀರು ಗುಲಾಬಿ ಐದೆಲೆಯನ್ನೂ ಬಿಡುತ್ತದೆ, ಏಳೆಲೆಯನ್ನೂ ಬಿಡುತ್ತದೆ.

1999ರಲ್ಲಿ ನಾವು ಮಾಡಿದ ಕಸಿ ಹಿಡಿಯಲಿಲ್ಲ. ದಸರಾ ರಜೆ ಆರಂಭವಾದ ಮರುದಿನ ಶಾಲೆಗೆ ಹೋಗಿ ನಾರು ಬಿಚ್ಚಿ ನೋಡಿದೆ. ಕಣ್ಣು ಕರಿದಾಗಿ, ಮುಟ್ಟಿದರೆ ಉದುರಿತು. ರಜೆ ಮುಗಿದ ಮೇಲೆ ವಿಷಯ ಪರಿವೀಕ್ಷಕರು ಬರುವವರಿದ್ದರು. ಅವರಿಗೆ ಈ ಕಸಿಯನ್ನೇ ತೋರಿಸುವುದೆಂದು ಮುಖ್ಯೋಪಾಧ್ಯಾಯರು ನಿಶ್ಚಯಿಸಿದ್ದರು. ನನ್ನ ಪಾಠ ತಪ್ಪಿತೆಂದು ನಲವತ್ತು ಮಕ್ಕಳ ಎದುರು ನಿಂತು ಹೇಳಲು ನನಗೆ ಮನಸ್ಸು ಬರಲಿಲ್ಲ. ನಾವು ಕಣ್ಣು ತೆಗೆದುಕೊಂಡದ್ದು ಶಾಲೆಗೆ ನೀರು ತರುತ್ತಿದ್ದ ಚಿಕ್ಕಮಲ್ಲಮ್ಮನ ಮನೆಯ ಗಿಡದಿಂದ. ಅವಳು ಅದರದೇ ಒಂದು ಕಡ್ಡಿಯನ್ನು ಎಣ್ಣೆ ಡಬ್ಬಿಯಲ್ಲಿ ಬೇರು ಬಿಡಿಸಿಟ್ಟಿದ್ದಳು. ಅದನ್ನು ಕೇಳಿ ಪಡೆದೆ. ಕಾಡು ಗಿಡವನ್ನು ಕಿತ್ತೆಸೆದು, ಆ ಜಾಗದಲ್ಲಿ ಇದನ್ನು ನೆಟ್ಟು, ನಿನ್ನ ನಾರನ್ನೇ ಮತ್ತೆ ಸುತ್ತಿದೆ. ನೀವೆಲ್ಲ ಬಂದು ಚಪ್ಪಾಳೆ ತಟ್ಟಿದಿರಿ. ಪರಿವೀಕ್ಷಕರು ಭೇಟಿಯ ಪುಸ್ತಕದಲ್ಲಿ ಎರಡು ಸಾಲು ಮೆಚ್ಚುಗೆ ಬರೆದರು.

ನಿನ್ನ ತಂದೆ ಬಳೆ ಮಲಾರವನ್ನು ಹೊತ್ತುಕೊಂಡೇ ಶಾಲೆಯ ಗೇಟಿಗೆ ಬಂದು, "ನಮ್ ಮಗೀಗೆ ಕೈಗುಣ ಅದೆ ಅಂತಾರಲ್ಲ, ನಿಜವಾ ಮೇಡಂ? ಹೊಲ್ಗೆ ಕಲಿಯಕೆ ಕಳ್ಸನಾ?" ಎಂದು ಕೇಳಿದರು. ನಿಜ, ಕಳಿಸಿ ಎಂದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಮೇಲೆ ದಾರಿಯೇ ಇರಲಿಲ್ಲ.

ನವೆಂಬರಿನ ಪತ್ರದಲ್ಲಿ ಏಳೆಲೆಯ ಸಾಲು ಬರೆದಾಗ, ಐದನೆಯ ಗಿಡಕ್ಕೆ ಇದು ಅನ್ವಯಿಸುವುದಿಲ್ಲ ಎಂದು ಸೇರಿಸಬೇಕಿತ್ತು. ಪೆನ್ನು ಅಲ್ಲೇ ನಿಂತಿತ್ತು. ಸೇರಿಸಿದರೆ ಏಕೆ ಎಂದು ನೀನು ಕೇಳುತ್ತಿದ್ದೆ. ಮೊದಲ ಸಲ ಸ್ಥಳ ಬದಲಾಯಿಸಿದಾಗ ಅದು ಮೇಲಿನ ರೆಂಬೆಯಿಂದಲೇ ಚಿಗುರಿತ್ತು, ಈ ಸಲವೂ ಹಾಗೆಯೇ ಆದೀತೆಂದು ನಂಬಿ ಮುಂದಕ್ಕೆ ಬರೆದೆ. ಪುಟ್ಟಮಾದಯ್ಯ ಬುಡ ಸವರಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. "ಇದ್ರಲ್ಲಿ ಕಸಿ ಗಂಟೇ ಇಲ್ವಲ್ಲವ್ವ" ಎಂದಿದ್ದ.

ನಿನ್ನ ಕೈ ಯಾವುದನ್ನೂ ಕಳೆಯಲಿಲ್ಲ. ಒಂದು ಕೆಟ್ಟ ಆಜ್ಞೆಯನ್ನು ಪಾಲಿಸಿತು, ಅಷ್ಟೇ. ಬೇರು ಜೀವ ಹಿಡಿದಿದ್ದರೆ ಮತ್ತೊಮ್ಮೆ ಚಿಗುರಬಹುದು. ಮಣ್ಣು ಒಣಗದಂತೆ ನೋಡಿಕೊ. ಚಿಗುರದಿದ್ದರೆ ಆ ಗಿಡವನ್ನು ಕೊಂದವಳು ನಾನು.

ಮಲ್ಲಾಜಮ್ಮ

*

ಗುಂಡ್ಲುಪೇಟೆ
27 ಜನವರಿ 2025

ಮೇಡಂ,

ಮೊದಲು ಮುಖ್ಯವಾದದ್ದನ್ನು ಬರೆಯುತ್ತೇನೆ. ಗಿಡ ಇದೆ. ಮೂರು ಚಿಗುರುಗಳೂ ಇವೆ. ಒಂದು ಗೇಣಿಗಿಂತ ಉದ್ದವಾಗಿವೆ. ನಾನು ಕತ್ತರಿಸಲೇ ಇಲ್ಲ.

ಹದಿನಾರನೆಯ ತಾರೀಕು ನಡೆದದ್ದು ಹೀಗೆ. ಕತ್ತರಿಸಲು ಕೈ ಬರುತ್ತಿರಲಿಲ್ಲ. ಕತ್ತರಿಸಿದೆ ಎಂದು ನಿಮಗೆ ಬರೆದುಬಿಟ್ಟರೆ ಆಮೇಲೆ ಮಾಡಲೇಬೇಕಾಗುತ್ತದೆ ಎಂದುಕೊಂಡು ಮೊದಲು ಪತ್ರ ಬರೆದು, ಅಂಟಿಸಿ, ಯಜಮಾನರ ಕೈಗೆ ಕೊಟ್ಟೆ. ಅವರು ಅಂಗಡಿಗೆ ಹೋಗುತ್ತಾ ಅಂಚೆ ಡಬ್ಬಿಗೆ ಹಾಕಿದರು. ಆಮೇಲೆ ಬಟ್ಟೆ ಕತ್ತರಿ ಹಿಡಿದು ಅಂಗಳಕ್ಕೆ ಇಳಿದೆ. ಅತ್ತೆ ನೀರಿನ ಚೊಂಬು ಹಿಡಿದು ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು.

"ಯಾಕಮ್ಮಿ ಕತ್ರಿ?"

"ಕಾಡು ಚಿಗುರು ಅತ್ತೆ. ಏಳೆಲೆ. ತೆಗೀಬೇಕು."

"ಸತ್ತೋಗಿದ್ ಗಿಡ ಎದ್ ಬಂದದೆ, ನೀನು ಎಲೆ ಎಣಿಸ್ಕಂಡು ಕುಂತಿದ್ದೀಯ. ನಿಂಗೆ ಮಗು ಹುಟ್ದಾಗ ನಾನೇನ್ ಬೆರಳು ಎಣಿಸ್ಕಂಡು ಒಳಕ್ಕೆ ಕರ್ಕಂಡ್ನಾ?"

"ಮೇಡಂ ಹೇಳವ್ರೆ ಅತ್ತೆ."

"ಮೇಡಂ ಬಂದು ನನ್ ಮುಂದೆ ಕತ್ತರಿಸ್ಲಿ. ನಿಂಗೆ ಅಷ್ಟು ಚಟ ಇದ್ರೆ ಹೋಗು, ಆ ರವಿಕೆ ಕತ್ತರಿಸು, ಗಿರಾಕಿ ಬಂದು ಎರಡ್ ಸಲ ವಾಪಸ್ ಹೋಗವ್ಳೆ."

ಕಾಂಪೌಂಡಿನ ಆಚೆಯವರು ನಕ್ಕರು. ನಾನು ಒಳಗೆ ಹೋದೆ. ನಿಮಗೆ ಇನ್ನೊಂದು ಪತ್ರ ಬರೆದು ನಿಜ ಹೇಳಬೇಕಿತ್ತು. ನಿಮ್ಮ ಮಾತು ಮೀರಿದೆ ಎಂದು ಬರೆಯುವ ಧೈರ್ಯ ಎಂಟನೆಯ ತರಗತಿಯಲ್ಲೂ ಇರಲಿಲ್ಲ, ಈಗಲೂ ಇಲ್ಲ. ಶಿವರಂಜಿನಿ ಅವರ ಫೋನು ಬಂದಾಗ ನಾನು ಅತ್ತಿದ್ದಲ್ಲ ಮೇಡಂ. ಗಿಡಕ್ಕೆ ಶಿಕ್ಷೆ ತಪ್ಪಿತು ಎಂದು ನಗು ಬಂತು. ಬಾಯಿಗೆ ಸೆರಗು ಅದುಮಿಕೊಂಡರೂ ತಡೆಯಲಿಲ್ಲ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಓದಿದಾಗ ಕೈಗಳನ್ನು ನೋಡಿಕೊಂಡೆ. ಇಪ್ಪತ್ತೈದು ವರ್ಷ ಇವು ಕಸಿ ಹಿಡಿಸಿದ ಕೈ ಎಂದು ಓಡಾಡಿದ್ದೇನೆ. ಸ್ವಲ್ಪ ಹೊತ್ತು ನಿಮ್ಮ ಮೇಲೆ ಕೋಪವೂ ಬಂತು, ಮುಚ್ಚಿಡುವುದಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಉಮ್ಮತ್ತೂರಿನಲ್ಲಿ ನನ್ನ ಕೈಲಿ ನೆಡಿಸಿದ ತೆಂಗುಗಳು ಕಾಯಿ ಬಿಡುತ್ತಿವೆ. ಇಲ್ಲಿ ನನ್ನ ಹತ್ತಿರ ಹೊಲಿಗೆ ಕಲಿತ ಹನ್ನೊಂದು ಹುಡುಗಿಯರು ಸ್ವಂತ ಮಿಶನ್ ಇಟ್ಟುಕೊಂಡಿದ್ದಾರೆ. ಅವುಗಳಲ್ಲಿ ಯಾವುದರ ಜಾಗದಲ್ಲೂ ನೀವು ರಜೆಯಲ್ಲಿ ಹೋಗಿ ಬೇರೆ ಗಿಡ ನೆಟ್ಟಿಲ್ಲವಲ್ಲ.

ಒಂದು ಮಾತ್ರ ತಿಳಿಯಬೇಕು. ಆವತ್ತು ನಾನು ಕಟ್ಟಿದ ಕಟ್ಟು ಸಡಿಲವಾಗಿತ್ತೇ? ಕಸಿ ಹೋದದ್ದು ನನ್ನಿಂದಲೇ? ಈಗ ಇದ್ದುದನ್ನು ಇದ್ದಂತೆ ನೀವು ಬರೆಯಿರಿ.

ತಹಸೀನ್

ಮರೆತಿದ್ದೆ. ಮಧ್ಯದ ಚಿಗುರಿನ ತುದಿಯಲ್ಲಿ ಮೊಗ್ಗು ಕಾಣಿಸಿದೆ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು.

*

ಚಾಮರಾಜನಗರ
10 ಫೆಬ್ರವರಿ 2025

ಪ್ರಿಯ ತಹಸೀನ್,

ಕಟ್ಟು ಬಿಗಿಯಾಗಿತ್ತು. ಬಿಚ್ಚಲು ನನಗೆ ಬ್ಲೇಡು ಬೇಕಾಯಿತು. ತಪ್ಪು ನನ್ನದು. ಕಣ್ಣನ್ನು ತೆಗೆದೊಡನೆ ತೊಗಟೆಯೊಳಗೆ ಕೂರಿಸಬೇಕು. ನಾನು ಅದನ್ನು ಚಾಕುವಿನ ತುದಿಯಲ್ಲಿ ಹಿಡಿದುಕೊಂಡು, ಕಸಿಯ ಪ್ರಯೋಜನಗಳನ್ನು ಹಿಂದಿನ ಬೆಂಚಿನವರೆಗೆ ಕೇಳಿಸುವಂತೆ ವಿವರಿಸುತ್ತಾ ನಿಂತೆ. ನಾನು ಮಾತು ಮುಗಿಸುವಷ್ಟರಲ್ಲಿ ಅದು ಒಣಗಿತ್ತು.

ನಿನ್ನ ಪತ್ರ ಬಂದ ದಿನ ಗಿಡ ಇದೆ ಎಂಬ ಸಾಲಿನವರೆಗೆ ಓದಿ, ಕನ್ನಡಕ ತೆಗೆದಿಟ್ಟೆ. ಉಳಿದದ್ದನ್ನು ಊಟವಾದ ಮೇಲೆ ಓದಿದೆ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಅವರು ಅಂಗಳದಲ್ಲಿ ಹೇಳಿದ ಮಾತನ್ನು ಹೇಳಬಲ್ಲ ಒಬ್ಬರು ನನ್ನ ಶಾಲೆಯಲ್ಲಿ ಇರಬೇಕಿತ್ತು.

ಈ ವಿಷಯ ಬಲ್ಲವಳು ಇನ್ನೊಬ್ಬಳಿದ್ದಳು. ನಿನ್ನೆ ಭಾನುವಾರ ಬೆಳಗಿನ ಬಸ್ಸಿಗೆ ಉಮ್ಮತ್ತೂರಿಗೆ ಹೋದೆ. ಚಿಕ್ಕಮಲ್ಲಮ್ಮನಿಗೆ ಎಂಬತ್ತು ದಾಟಿದೆ. ಮಗಳ ಮನೆಯ ಮುಂದೆ ಅವರೆಕಾಯಿ ಸುಲಿಯುತ್ತಿದ್ದಳು. ಗುರುತು ಹಿಡಿದಳು. ನನಗೆ ಕೇಳಿಸಲೆಂದು ಕಿವಿಯ ಬಳಿಗೇ ಬಾಯಿ ತಂದು ಮಾತಾಡಿದಳು. ನಾನು ಬಂದ ಕಾರಣವನ್ನೆಲ್ಲ ವಿವರಿಸಿದೆ. ಕೊಟ್ಟ ಕಡ್ಡಿ ಅವಳದು, ಹೆಸರು ನನ್ನದಾಯಿತು, ಅದನ್ನು ಹೇಳಲು ಬಂದೆ ಎಂದೆ.

"ಯಾವ್ ಕಡ್ಡೀನವ್ವ?"

"ಪನ್ನೀರು ಗುಲಾಬಿ. ದಸರಾ ರಜೆಯಲ್ಲಿ ಎಣ್ಣೆ ಡಬ್ಬಿ ಸಮೇತ ಕೊಟ್ಟಿರಲ್ಲ."

ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮೊರಕ್ಕೆ ಹಾಕಿದಳು. "ಗ್ಯಾಪ್ನಾನೇ ಇಲ್ಲ ಕಣವ್ವ. ಊರ್ಗೆಲ್ಲಾ ಕೊಡ್ತಿದ್ದೆ ನಾನು, ಯಾರ್ಗೆ ಅಂತ ನೆಪ್ಪು ಮಡೀಕಳನ. ಅದ್ಕೋಸ್ಕರ ಬಸ್ ಅತ್ಕಂಡ್ ಬಂದ್ರಾ?" ಎಂದಳು. ನನ್ನ ಮುಖ ನೋಡಿ ಅವಳಿಗೆ ಕನಿಕರವಾಗಿರಬೇಕು. ಮೊರವನ್ನು ನನ್ನ ಕಡೆಗೂ ಸ್ವಲ್ಪ ಜರುಗಿಸಿದಳು. "ಉಳ್ಕಂಡದಾ ಈಗ?" ಎಂದು ಕೇಳಿದಳು.

"ಉಳಿದಿದೆ. ಮೊಗ್ಗು ಬಂದಿದೆ."

"ಮತ್ತಿನ್ನೇನು ಬುಡಿ" ಎಂದಳು.

ಅವರೆಕಾಯಿ ಮುಗಿಯುವವರೆಗೆ ಇಬ್ಬರೂ ಸುಲಿದೆವು. ಅವಳು ಸೊಸೆಯರನ್ನು ದೂರಿದಳು, ಮೊಮ್ಮಗಳನ್ನು ಹೊಗಳಿದಳು. ನಾನು ಅರ್ಧ ಕೇಳಿಸಿಕೊಂಡು ಪೂರ್ತಿ ತಲೆಯಾಡಿಸಿದೆ.

ಮುಂದಿನ ಭಾನುವಾರ ತೆರಕಣಾಂಬಿ ಮಾರ್ಗದ ಬಸ್ಸಿನಲ್ಲಿ ನಿಮ್ಮಲ್ಲಿಗೆ ಬರುತ್ತೇನೆ. ಹನ್ನೊಂದರ ಹೊತ್ತಿಗೆ ಜುಬೇರ್ ನಿಲ್ದಾಣದ ಹತ್ತಿರ ಇದ್ದರೆ ಸಾಕು. ಉಳಿದವರಿಗೆ ನಿಜ ಹೇಳುವುದೋ ಬಿಡುವುದೋ, ಅದನ್ನು ನಿನ್ನ ತೀರ್ಮಾನಕ್ಕೆ ಬಿಟ್ಟಿದ್ದೇನೆ. ನನ್ನ ಕಡೆಯಿಂದ ತಡೆಯಿಲ್ಲ.

ಉಮ್ಮತ್ತೂರಿನಿಂದ ಹಿಂದಿರುಗುವಾಗ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಊರು ದಾಟಿದ್ದು ನೆನಪಿದೆ, ಆಮೇಲೆ ಏನೂ ನೆನಪಿಲ್ಲ. ಚಾಮರಾಜನಗರದ ನಿಲ್ದಾಣದಲ್ಲಿ ಎಲ್ಲರೂ ಇಳಿದಾದ ಮೇಲೆ ಕಂಡಕ್ಟರು ಭುಜ ಮುಟ್ಟಿ, "ಅವ್ವ, ಊರ್ ಬಂತು, ಏಳಿ" ಎಂದು ಎಬ್ಬಿಸಬೇಕಾಯಿತು. ಮೂವತ್ತೈದು ವರ್ಷ ಬಸ್ಸಿನಲ್ಲೇ ಶಾಲೆಗಳಿಗೆ ಓಡಾಡಿದವಳು ನಾನು. ದಾರಿಯಲ್ಲಿ ಒಮ್ಮೆಯೂ ಕಣ್ಣು ಮುಚ್ಚಿದವಳಲ್ಲ.

ಮಲ್ಲಾಜಮ್ಮ